ಹೆದ್ದಾರಿಯೂ ಹೌದು, ಪೇಟೆಬೀದಿಯೂ ಹೌದು: ಮಾಕುಟ್ಟ ಮಾರ್ಗದ ಊರುಗಳಲ್ಲಿ ರಸ್ತೆ ವಿನ್ಯಾಸದ ಪ್ರಶ್ನೆ

ಕೇರಳದ ಇರಿಟ್ಟಿ ಕಡೆಯಿಂದ ಬರುವ ಸರಕು ಲಾರಿಯು ಕೂಟುಪೊಳೆಯ ಸೇತುವೆಯನ್ನು ದಾಟಿ ಕರ್ನಾಟಕದ ನೆಲಕ್ಕೆ ಬಂದೊಡನೆ ಎದುರಾಗುವ ಮೊದಲ ನೆಲೆಯೇ ಮಾಕುಟ್ಟ. ಊರೆಂದು ಹೇಳುವುದಕ್ಕಿಂತ ಕಾಡಿನ ನಡುವಣ ಒಂದು ತಂಗುದಾಣವೆಂದು ಹೇಳುವುದೇ ಹೆಚ್ಚು ಸರಿಯಾದೀತು. ಇಲ್ಲಿ ತಪಾಸಣಾ ಠಾಣೆಯ ಮುಂದೆ ಲಾರಿ ನಿಲ್ಲುತ್ತದೆ, ಚಾಲಕ ಕೆಳಗಿಳಿಯುತ್ತಾನೆ, ನಿಂತ ವಾಹನಗಳ ಮರೆಯಿಂದ ಬಸ್ಸಿನ ಪ್ರಯಾಣಿಕರು ರಸ್ತೆ ದಾಟುತ್ತಾರೆ. ಅಲ್ಲಿಂದ ಮುಂದೆ ಪೆರುಂಬಾಡಿಯವರೆಗೆ ಘಟ್ಟದ ತಿರುವುಗಳು. ಆ ಬಳಿಕ ವಿರಾಜಪೇಟೆಯ ಪೇಟೆಬೀದಿ. ಒಂದೇ ಡಾಂಬರು ಪಟ್ಟಿಯು ಮಾಕುಟ್ಟದಲ್ಲಿ ಅಂತರರಾಜ್ಯ ಹೆದ್ದಾರಿಯಾಗಿಯೂ ವಿರಾಜಪೇಟೆಯಲ್ಲಿ ಜವಳಿ, ಕಿರಾಣಿ, ಔಷಧ, ಹಾರ್ಡ್‌ವೇರ್ ಅಂಗಡಿಗಳ ಅಂಗಳವಾಗಿಯೂ ಕೆಲಸ ಮಾಡುತ್ತದೆ. ಆದರೆ ರಸ್ತೆಯ ಮೇಲ್ಮೈಯಲ್ಲಿ ಈ ವ್ಯತ್ಯಾಸವನ್ನು ಚಾಲಕನಿಗೆ ತಿಳಿಸುವ ಗುರುತು ಬಹಳ ಕಡಿಮೆ. ಸಮಸ್ಯೆಯ ಬೇರು ಇಲ್ಲಿದೆ.

ಈ ಮಾರ್ಗಕ್ಕೂ ವ್ಯಾಪಾರಕ್ಕೂ ಇರುವ ನಂಟು ಹಳೆಯದು. 1791ರಲ್ಲಿ ಜನರಲ್ ಅಬರ್‌ಕ್ರೋಂಬಿಯ ಮುಂಬಯಿ ಸೇನೆಯು ಮಲಬಾರಿನಿಂದ ಘಟ್ಟವೇರಿ ಕೊಡಗಿನ ಮೂಲಕ ಶ್ರೀರಂಗಪಟ್ಟಣದತ್ತ ಸಾಗಿತು. ಆ ಸೇನಾನಿಯೊಡನೆ ನಡೆದ ಭೇಟಿಯ ನೆನಪಿಗಾಗಿ ದೊಡ್ಡ ವೀರರಾಜೇಂದ್ರನು 1792ರಲ್ಲಿ ವೀರರಾಜೇಂದ್ರಪೇಟೆಯನ್ನು ಕಟ್ಟಿಸಿದನು. ಹೆಸರಿನಲ್ಲಿಯೇ 'ಪೇಟೆ' ಇರುವ ಈ ಊರು ಘಟ್ಟದ ಮೇಲಿನ ಫಸಲಿಗೂ ಕರಾವಳಿಯ ಸರಕಿಗೂ ನಡುವಣ ಮಾರುಕಟ್ಟೆಯಾಗಿ ಬೆಳೆದುದರಲ್ಲಿ ಆಶ್ಚರ್ಯವಿಲ್ಲ. ಅಂದಿನ ಬೀದಿಯ ಅಗಲವನ್ನು ಎತ್ತಿನ ಗಾಡಿಯೂ ತಲೆಹೊರೆಯೂ ನಿರ್ಧರಿಸಿದ್ದವು. ಇಂದು ಹತ್ತು ಚಕ್ರದ ಟಿಪ್ಪರ್‌ಗಳು ಅದರಲ್ಲಿಯೇ ತಿರುಗಬೇಕಾಗಿದೆ.

ಕಳೆದ ಕೆಲವು ವರ್ಷಗಳಲ್ಲಿ ಈ ಮಾರ್ಗದ ಸ್ವರೂಪವೂ ಬದಲಾಗಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆಯ ತಪಾಸಣೆ ಇಲ್ಲವಾಯಿತು. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದಾಗ ಕೊಡಗಿನಿಂದ ಅತ್ತ ಹೋಗುವ ಕಾರುಗಳು ಸರಕು ಸಂಚಾರದ ಜೊತೆ ಸೇರಿಕೊಂಡವು. ತಲಶ್ಶೇರಿಯಿಂದ ವಳವುಪಾರದವರೆಗಿನ ರಸ್ತೆಯನ್ನು ಕೇರಳವು ವಿಶ್ವಬ್ಯಾಂಕ್ ನೆರವಿನಿಂದ ಅಭಿವೃದ್ಧಿಪಡಿಸಿತು. ಅದರ ಭಾಗವಾದ ಕೂಟುಪೊಳೆಯ ಹೊಸ ಸೇತುವೆಯು 2022ರಲ್ಲಿ ಸಂಚಾರಕ್ಕೆ ತೆರೆಯಿತು. ಗಡಿಯ ಆ ಬದಿ ಅಗಲವಾಗಿ, ನುಣುಪಾಗಿ, ವೇಗವಾಗಿದೆ. ಈ ಬದಿಯಲ್ಲಿ ಬ್ರಹ್ಮಗಿರಿ ವನ್ಯಜೀವಿಧಾಮದ ಕಾಡಿದೆ. ಇಲ್ಲಿ ರಸ್ತೆಯನ್ನು ಬೇಕಾದಷ್ಟು ಅಗಲ ಮಾಡಲು ಅರಣ್ಯ ಕಾನೂನು ಬಿಡುವುದಿಲ್ಲ, ಬಿಡಲೂ ಬಾರದು. 2018ರ ಜೂನ್ ತಿಂಗಳ ಭೂಕುಸಿತದಲ್ಲಿ ಮಾಕುಟ್ಟ ಘಟ್ಟ ಮುಚ್ಚಿಹೋದಾಗ, ಆ ಬಳಿಕ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಗಡಿಗೆ ಮಣ್ಣು ಸುರಿದು ಸಂಚಾರ ನಿಲ್ಲಿಸಿದಾಗ, ಈ ಒಂದು ದಾರಿಯನ್ನು ಎಷ್ಟು ವರ್ತಕರ ದಿನದ ವಹಿವಾಟು ಅವಲಂಬಿಸಿದೆ ಎಂಬುದು ಎಲ್ಲರ ಅನುಭವಕ್ಕೂ ಬಂದಿತು.

ಆದುದರಿಂದ ಸಂಚಾರವನ್ನು ತಡೆಯಬೇಕೆಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಸಾಗಿಹೋಗುವ ವಾಹನವೂ ಅಂಗಡಿಗೆ ಬರುವ ಗಿರಾಕಿಯೂ ಒಂದೇ ನೆಲವನ್ನು ಹಂಚಿಕೊಳ್ಳಲೇಬೇಕು. ಅವರಲ್ಲಿ ಯಾರಿಗೂ ಪೆಟ್ಟಾಗದಂತೆ, ಅಂಗಡಿಯ ಬಾಗಿಲೂ ಮುಚ್ಚದಂತೆ ಆ ನೆಲವನ್ನು ರೂಪಿಸುವುದು ಹೇಗೆ ಎಂಬುದಷ್ಟೇ ವಿಚಾರ.

ವೇಗದ ಲೆಕ್ಕ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 32,825 ಮಂದಿ ಪಾದಚಾರಿಗಳು, ಅಂದರೆ ಐವರಲ್ಲಿ ಸುಮಾರು ಒಬ್ಬರು. ದ್ವಿಚಕ್ರ ವಾಹನ ಸವಾರರ ಪಾಲು ಇದಕ್ಕಿಂತಲೂ ಹೆಚ್ಚು. ಕಾರಿನ ಒಳಗಿರುವವರಿಗಿಂತ ಹೊರಗಿರುವವರೇ ಹೆಚ್ಚಾಗಿ ಸಾಯುತ್ತಿದ್ದಾರೆ ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ನಡೆದೋ ಬೈಕಿನಲ್ಲೋ ಪೇಟೆಗೆ ಬರುವ ಗಿರಾಕಿ ಇದೇ ಗುಂಪಿನವನು.

ಇದರ ಹಿಂದಿರುವ ಭೌತಶಾಸ್ತ್ರ ಸರಳವಾದುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ. ಎದುರಿಗೆ ಮಗುವೊಂದು ಓಡಿ ಬಂದುದನ್ನು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಕಾರು ಪೂರ್ತಿ ನಿಲ್ಲಲು ಮತ್ತೆ ಅಷ್ಟೇ ದೂರ ಬೇಕು, ಒಟ್ಟು ಸುಮಾರು 28 ಮೀಟರ್. ಅದೇ ಕಾರು 30 ಕಿ.ಮೀ. ವೇಗದಲ್ಲಿದ್ದರೆ ಒಟ್ಟು 13 ಮೀಟರಿನೊಳಗೆ ನಿಲ್ಲುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 30ರ ವೇಗದ ಕಾರು ಮಗುವಿನ ಮುಂದೆ ನಿಂತುಬಿಡುವ ಅದೇ ಸ್ಥಳದಲ್ಲಿ 50ರ ವೇಗದ ಕಾರಿನ ಚಾಲಕನು ಬ್ರೇಕನ್ನು ಇನ್ನೂ ಒತ್ತಿರುವುದಿಲ್ಲ. ಪೆಟ್ಟಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 50ರ ಪೆಟ್ಟು 30ರ ಪೆಟ್ಟಿಗಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಬಲವಾದುದು. ಕೊಡಗಿನ ಮಳೆಗಾಲದ ಒದ್ದೆ ರಸ್ತೆಯಲ್ಲಿ, ಹೊರೆ ತುಂಬಿದ ಲಾರಿಗೆ, ಈ ಲೆಕ್ಕವೆಲ್ಲ ಇನ್ನಷ್ಟು ಕೆಡುತ್ತದೆ.

2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆಯ ಜಾಗತಿಕ ಸಚಿವರ ಸಮ್ಮೇಳನವು, ಜನರೂ ವಾಹನಗಳೂ ಬೆರೆಯುವ ಸ್ಥಳಗಳಲ್ಲಿ 30 ಕಿ.ಮೀ. ಮಿತಿಯನ್ನು ಒತ್ತಾಯಿಸಿದ್ದು ಈ ಕಾರಣದಿಂದಲೇ. ನಮ್ಮಲ್ಲಿ 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯು ಪುರಸಭಾ ವ್ಯಾಪ್ತಿಯ ರಸ್ತೆಗಳಲ್ಲಿ ಕಾರುಗಳಿಗೆ ಗರಿಷ್ಠ 70 ಕಿ.ಮೀ. ಎಂದು ಗೊತ್ತುಪಡಿಸಿತು. ರಾಜ್ಯ ಸರ್ಕಾರವಾಗಲಿ ಸ್ಥಳೀಯ ಅಧಿಕಾರಿಗಳಾಗಲಿ ಅದಕ್ಕಿಂತ ಕಡಿಮೆ ಮಿತಿಯನ್ನು ನಿಗದಿಪಡಿಸಲು ಅವಕಾಶವಿದೆ. ಆದರೆ ಫಲಕವೊಂದರಿಂದ ವೇಗ ಇಳಿಯುವುದಿಲ್ಲವೆಂಬುದು ರಸ್ತೆಯಂಚಿನಲ್ಲಿ ಅಂಗಡಿಯಿಟ್ಟಿರುವ ಪ್ರತಿಯೊಬ್ಬರಿಗೂ ಗೊತ್ತಿರುವ ವಿಷಯ. ಚಾಲಕನು ಫಲಕವನ್ನು ನೋಡುವುದಕ್ಕಿಂತ ರಸ್ತೆಯನ್ನು ನೋಡಿ ವೇಗವನ್ನು ನಿರ್ಧರಿಸುತ್ತಾನೆ. ಅಗಲವಾದ ನೇರ ರಸ್ತೆ ಕಂಡರೆ ಕಾಲು ಒತ್ತುತ್ತದೆ, ಇಕ್ಕಟ್ಟು ಕಂಡರೆ ಸಡಿಲಿಸುತ್ತದೆ. ಮಾಕುಟ್ಟದಿಂದ ಗಂಟೆಗಟ್ಟಲೆ ಕೆಳ ಗೇರಿನಲ್ಲಿ ಏರಿ ಬಂದವನಿಗೆ ಪೆರುಂಬಾಡಿ ದಾಟಿದ ಮೇಲೆ ಕಳೆದುಹೋದ ಹೊತ್ತನ್ನು ಸರಿದೂಗಿಸುವ ಆತುರವೂ ಇರುತ್ತದೆ.

ಹಾಲೆಂಡಿನ ಎಂಜಿನಿಯರ್ ಹೇಳಿಕೊಟ್ಟ ಪಾಠ

ರಸ್ತೆಯ ರೂಪವೇ ಚಾಲಕನೊಡನೆ ಮಾತನಾಡಬೇಕೆಂಬ ವಿಚಾರವನ್ನು ಬಹಳ ದೂರ ಕೊಂಡೊಯ್ದವನು ನೆದರ್‌ಲೆಂಡ್ಸ್ ದೇಶದ ಸಂಚಾರ ಎಂಜಿನಿಯರ್ ಹನ್ಸ್ ಮೊಂಡರ್ಮನ್. ಅವನಿಗೂ ಮೊದಲೇ ಆ ದೇಶದ ಡೆಲ್ಫ್ಟ್ ನಗರದಲ್ಲಿ ವಸತಿ ಬೀದಿಗಳನ್ನು ಮಕ್ಕಳ ಆಟಕ್ಕೂ ಕಾರುಗಳ ನಿಧಾನ ಸಂಚಾರಕ್ಕೂ ಒಟ್ಟಾಗಿ ಬಿಟ್ಟುಕೊಡುವ ಪದ್ಧತಿ ಬೆಳೆದು, 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆಯೂ ಸಿಕ್ಕಿತ್ತು. ಮೊಂಡರ್ಮನ್ ಅದನ್ನು ಊರಿನ ಮುಖ್ಯ ರಸ್ತೆಗಳಿಗೆ ವಿಸ್ತರಿಸಿದನು. ಡ್ರಾಖ್ಟನ್ ಪಟ್ಟಣದಲ್ಲಿ ದಿನಕ್ಕೆ ಸುಮಾರು 20 ಸಾವಿರ ವಾಹನಗಳು ಹಾಯುವ ವೃತ್ತವೊಂದರಿಂದ ಸಿಗ್ನಲ್ ದೀಪಗಳನ್ನೂ ಫಲಕಗಳನ್ನೂ ತೆಗೆಯಿಸಿದನು. ನೆಲಹಾಸನ್ನು ಬದಲಾಯಿಸಿ ಇಡೀ ಜಾಗವನ್ನು ಒಂದು ಚೌಕದಂತೆ ಕಾಣಿಸಿದನು. ಯಾರದು ಮೊದಲು ಎಂಬುದನ್ನು ದೀಪ ಹೇಳದಿದ್ದಾಗ ಚಾಲಕನು ಎದುರಿನವನ ಕಣ್ಣನ್ನು ನೋಡಲೇಬೇಕಾಗುತ್ತದೆ, ಅದಕ್ಕಾಗಿ ನಿಧಾನಿಸಲೇಬೇಕಾಗುತ್ತದೆ ಎಂಬುದು ಅವನ ತರ್ಕ. ಅಲ್ಲಿ ಅಪಘಾತಗಳೂ ಕಡಿಮೆಯಾದವು, ಕಾಯುವ ಹೊತ್ತೂ ಕಡಿಮೆಯಾಯಿತು.

ವಿರಾಜಪೇಟೆ, ಗೋಣಿಕೊಪ್ಪಲುಗಳಂತಹ ಊರುಗಳ ವರ್ತಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಂಗ್ಲೆಂಡಿನ ಚೆಷೈರ್ ಪ್ರಾಂತದ ಪಾಯಿಂಟನ್. ಅದೊಂದು ಚಿಕ್ಕ ಪೇಟೆ. ನಡುಮಧ್ಯದ ಕೂಡುರಸ್ತೆಯಲ್ಲಿ ಪ್ರತಿದಿನ ಸುಮಾರು 25 ಸಾವಿರ ವಾಹನಗಳು ಸಾಗುತ್ತಿದ್ದವು. ಅವುಗಳಲ್ಲಿ ಭಾರಿ ಲಾರಿಗಳೂ ಇದ್ದವು. ಅಂಗಡಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. 2012ರಲ್ಲಿ ಅಲ್ಲಿ ಸಿಗ್ನಲ್‌ಗಳನ್ನು ತೆಗೆದು, ವಾಹನಗಳ ಹಾದಿಯನ್ನು ಕಿರಿದುಗೊಳಿಸಿ, ನೆಲದ ಮೇಲೆಯೇ ಎರಡು ವೃತ್ತಗಳನ್ನು ಕಲ್ಲಿನಲ್ಲಿ ಮೂಡಿಸಲಾಯಿತು. ವಾಹನಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ವೇಗ ಮಾತ್ರ ಇಳಿಯಿತು. ಜನ ಬೀದಿ ದಾಟತೊಡಗಿದರು, ಮುಚ್ಚಿದ್ದ ಅಂಗಡಿಗಳಿಗೆ ಬಾಡಿಗೆದಾರರು ಬಂದರು. ಆ ಊರಿಗೆ ಬೈಪಾಸ್ ರಸ್ತೆ ದೊರೆತದ್ದು 2023ರಲ್ಲಿ. ಅಂದರೆ ಬೈಪಾಸಿಗಾಗಿ ಕಾಯದೆಯೇ ಹತ್ತು ವರ್ಷ ಆ ಪೇಟೆ ತನ್ನ ಬೀದಿಯಿಂದ ಲಾಭ ಪಡೆದಿತ್ತು. 'ಬೈಪಾಸ್ ಆದ ಮೇಲೆ ನೋಡೋಣ' ಎಂಬ ಮಾತು ನಮ್ಮ ಊರುಗಳಲ್ಲಿಯೂ ಅಪರೂಪವಲ್ಲವಾದುದರಿಂದ ಇದನ್ನು ಗಮನಿಸಬೇಕು.

ಆದರೆ ಈ ವಿಧಾನಕ್ಕೆ ಮಿತಿಗಳಿವೆ. ಕಣ್ಣಿನ ಸನ್ನೆಯನ್ನು ನಂಬಿದ ವ್ಯವಸ್ಥೆಯಲ್ಲಿ ಕಣ್ಣು ಕಾಣದವರ ಗತಿಯೇನು? ಮೆಟ್ಟಿಲಿಲ್ಲದ ಸಮತಲ ಬೀದಿಯಲ್ಲಿ ಊರುಗೋಲಿನವನಿಗೆ ರಸ್ತೆ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಲಂಡನ್ನಿನ ಎಕ್ಸಿಬಿಷನ್ ರೋಡ್ ಈ ಆಕ್ಷೇಪಣೆಗೆ ಗುರಿಯಾಯಿತು. ಬ್ರಿಟಿಷ್ ಸರ್ಕಾರವು 2018ರಲ್ಲಿ ಅಂತಹ ಹೊಸ ಸಮತಲ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿತು. ನಮ್ಮ ಮಟ್ಟಿಗೆ ಇನ್ನೊಂದು ತೊಡಕಿದೆ. ಎತ್ತರದ ಕ್ಯಾಬಿನ್ನಿನ ಲಾರಿ ಚಾಲಕನಿಗೆ ಬಂಪರಿನ ಮುಂದೆಯೇ ನಿಂತ ಕುಳ್ಳನೆಯ ವ್ಯಕ್ತಿ ಕಾಣಿಸುವುದಿಲ್ಲ. ಅಲ್ಲಿ ಕಣ್ಣಿಗೆ ಕಣ್ಣು ಸೇರುವ ಮಾತೇ ಇಲ್ಲ.

ಹಾಗೆ ನೋಡಿದರೆ ನಮ್ಮ ಪೇಟೆಬೀದಿಗಳು ಯಾರೂ ಹೇಳಿಕೊಡದೆಯೇ ಹಂಚಿಕೊಂಡ ಬೀದಿಗಳು. ಆಟೊ, ಬೈಕು, ಬಿಡಾಡಿ ದನ, ಸಂತೆಗೆ ಬಂದ ತೋಟದ ಕಾರ್ಮಿಕರು, ಕಬ್ಬಿಣದ ಸರಳು ಹೊತ್ತ ಪಿಕಪ್ ಎಲ್ಲವೂ ಒಟ್ಟಿಗೆ ಸಾಗುವುದು ಇಲ್ಲಿ ದಿನನಿತ್ಯದ ನೋಟ. ಹಂಚಿಕೆ ನಮ್ಮಲ್ಲಿ ಈಗಾಗಲೇ ಇದೆ. ಕಡಿಮೆ ವೇಗವೂ ನಡೆಯುವವನಿಗೆಂದೇ ಉಳಿಸಿದ ಒಂದಷ್ಟು ಅಗಲವೂ ಇಲ್ಲ. ಆದುದರಿಂದ ಡ್ರಾಖ್ಟನ್ ಮಾದರಿಯನ್ನು ಹಾಗೆಯೇ ಎತ್ತಿ ತರುವುದಕ್ಕಿಂತ, ಕಾಲುದಾರಿಯನ್ನು ಉಳಿಸಿಕೊಂಡು ವಾಹನದ ಹಾದಿಯನ್ನು ನಿಧಾನಗೊಳಿಸುವ ಕ್ರಮವೇ ಇಲ್ಲಿಗೆ ಹೊಂದುತ್ತದೆ.

ಬೆಂಗಳೂರಿನ ಅನುಭವ

ಈ ಕ್ರಮ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ವಿಠ್ಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಮೊದಲಾದವುಗಳನ್ನು 2010ರ ದಶಕದಲ್ಲಿ ಪುನರ್ ವಿನ್ಯಾಸಗೊಳಿಸಲಾಯಿತು. ಅಲ್ಲಿ ಮೊದಲ ನಿಯಮವೆಂದರೆ ವಾಹನ ಪಥದ ಅಗಲ ರಸ್ತೆಯ ಉದ್ದಕ್ಕೂ ಒಂದೇ ಆಗಿರಬೇಕು ಎಂಬುದು. ಒಂದು ಕಡೆ ಮೂರು ಪಥ, ಮುಂದೆ ಎರಡು, ಮತ್ತೆ ಮೂರು ಎಂಬಂತಿದ್ದರೆ ಅಗಲದಲ್ಲಿ ಗಳಿಸಿದ ವೇಗವನ್ನು ಇಕ್ಕಟ್ಟಿನಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ಹೆಚ್ಚುವರಿ ಅಗಲವೆಲ್ಲ ಕಾಲುದಾರಿಗೆ, ನಿಲುಗಡೆ ತಾಣಕ್ಕೆ ಹೋಯಿತು. ನೀರು, ಒಳಚರಂಡಿ, ವಿದ್ಯುತ್, ದೂರವಾಣಿ ತಂತಿಗಳು ಕಾಲುದಾರಿಯ ಕೆಳಗಿನ ಕೊಳವೆಗಳಿಗೆ ಸೇರಿದವು. ಪದೇ ಪದೇ ಅಗೆಯುವ ಕಾಟ ಅಂಗಡಿಯವರಿಗೆ ಎಷ್ಟು ನಷ್ಟ ತರುತ್ತದೆಂಬುದನ್ನು ಬಲ್ಲವರಿಗೆ ಇದರ ಬೆಲೆ ಅರ್ಥವಾಗುತ್ತದೆ.

ಚರ್ಚ್ ಸ್ಟ್ರೀಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಡಾಂಬರಿನ ಬದಲು ಕಲ್ಲು ಹಾಸಲಾಯಿತು. 2017ರಲ್ಲಿ ಆರಂಭವಾದ ಕಾಮಗಾರಿ ಮುಗಿದು ರಸ್ತೆ ತೆರೆದುದು 2018ರ ಮಾರ್ಚ್‌ನಲ್ಲಿ. ಒಂದು ವರ್ಷದ ಅಗೆತದಲ್ಲಿ ಅಲ್ಲಿನ ವರ್ತಕರು ಅನುಭವಿಸಿದ ಕಷ್ಟವನ್ನು ಮರೆಮಾಚಬೇಕಾಗಿಲ್ಲ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ಆ ಬೀದಿಯನ್ನು ಪೂರ್ತಿಯಾಗಿ ನಡೆಯುವವರಿಗೆ ಬಿಟ್ಟುಕೊಟ್ಟು ನೋಡಿತು. ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಪರಿಣಾಮಗಳನ್ನು ಅಧ್ಯಯನ ಮಾಡಿತು. ಪುಸ್ತಕದಂಗಡಿಗಳೂ ಉಪಾಹಾರ ಗೃಹಗಳೂ ಇರುವ ಆ ಬೀದಿಗೆ ಇದು ಒಪ್ಪುವ ಪ್ರಯೋಗ. ಸಿಮೆಂಟು, ರಸಗೊಬ್ಬರ, ಅಕ್ಕಿಮೂಟೆ ಇಳಿಯುವ ಬೀದಿಗೆ ಅದು ಒಪ್ಪುವುದಿಲ್ಲ.

ಕಮರ್ಷಿಯಲ್ ಸ್ಟ್ರೀಟ್‌ನ ಕಥೆ ಎಚ್ಚರಿಕೆಯದು. ಸ್ಮಾರ್ಟ್ ಸಿಟಿ ಯೋಜನೆಯಡಿ ಅಲ್ಲಿ ಹಾಸಿದ ಕಲ್ಲುಗಳು ಕೆಲವೇ ದಿನಗಳಲ್ಲಿ ಕಿತ್ತುಬಂದು, 2021ರಲ್ಲಿ ಕೆಲಭಾಗವನ್ನು ಮತ್ತೆ ಹಾಸಬೇಕಾಯಿತು. ವರ್ತಕರಿಗೆ ಎರಡೆರಡು ಬಾರಿ ಬೀದಿ ಮುಚ್ಚಿದ ನಷ್ಟ. ಕಲ್ಲಿನ ಚೆಲುವಿಗಿಂತ ಅದರ ಕೆಳಗಿನ ತಳಪಾಯವೂ ನೀರಿನ ಹರಿವೂ ಮುಖ್ಯ. ಬೆಂಗಳೂರಿನ ಮಳೆಗೇ ಹೀಗಾದರೆ ಕೊಡಗಿನ ಮಳೆಗೆ ಹೇಗೆ ಎಂಬುದನ್ನು ಗುತ್ತಿಗೆಯ ಕರಾರಿನಲ್ಲಿಯೇ ಕೇಳಬೇಕಾಗುತ್ತದೆ. ಭಾರಿ ವಾಹನ ಹಾಯುವ ಪಥಕ್ಕೆ ಡಾಂಬರು ಅಥವಾ ಕಾಂಕ್ರೀಟೇ ಇರಲಿ, ಕಲ್ಲುಹಾಸು ದಾಟುವ ಕಡೆಗಳಿಗೂ ಕಾಲುದಾರಿಗೂ ಸಾಕು.

ನಿಲುಗಡೆಯೆಂಬ ಭಯ

ರಸ್ತೆ ವಿನ್ಯಾಸದ ಮಾತು ಬಂದೊಡನೆ ವರ್ತಕರ ಮೊದಲ ಪ್ರಶ್ನೆ, 'ಗಿರಾಕಿಯ ಕಾರು ಎಲ್ಲಿ ನಿಲ್ಲಬೇಕು?' ಎಂಬುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅದರ ಹಿಂದಿನ ಊಹೆಯನ್ನು ಪರೀಕ್ಷಿಸುವುದು ಒಳ್ಳೆಯದು. 2006ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಅಂಗಡಿಬೀದಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ ವರ್ತಕರು ತಮ್ಮ ಗಿರಾಕಿಗಳಲ್ಲಿ ಶೇ. 41ರಷ್ಟು ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂದಾಜಿಸಿದ್ದರು. ಗಿರಾಕಿಗಳನ್ನೇ ಕೇಳಿದಾಗ ಆ ಪಾಲು ಶೇ. 22 ಮಾತ್ರ ಎಂದು ತಿಳಿಯಿತು. ಕಾರುಗಳ ಊರಾದ ಬ್ರಿಸ್ಟಲ್‌ನಲ್ಲಿಯೇ ಅಂದಾಜು ಇಷ್ಟು ತಪ್ಪಿದ್ದರೆ, ಬಸ್ಸು, ಜೀಪು, ಬೈಕುಗಳಲ್ಲಿ ಜನ ಬರುವ ಕೊಡಗಿನ ಸಂತೆಪೇಟೆಗಳಲ್ಲಿ ಒಂದು ವಾರ ಎಣಿಸಿ ನೋಡುವುದು ಕಷ್ಟವೇನಲ್ಲ. ಅಂಗಡಿಯ ಹುಡುಗನೊಬ್ಬ ಬಿಲ್ಲಿನ ಹಿಂದೆ ಗೀಟು ಹಾಕಿಕೊಂಡರೆ ಸಾಕು.

ಇನ್ನೊಂದು ಲೆಕ್ಕವೂ ಉಂಟು. ರಸ್ತೆಗೆ ಸಮಾಂತರವಾಗಿ ಒಂದು ಕಾರು ನಿಲ್ಲಲು ಸುಮಾರು 5 ಮೀಟರ್ ಉದ್ದ ಬೇಕು. ಹಳೆಯ ಪೇಟೆಯ ಬಹಳಷ್ಟು ಅಂಗಡಿಗಳ ಮುಂಭಾಗ ಅಷ್ಟಿರುವುದಿಲ್ಲ. ಅಂದರೆ ಒಂದು ಅಂಗಡಿಗೆ ಒಂದು ಕಾರೂ ಪೂರ್ತಿ ದಕ್ಕುವುದಿಲ್ಲ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಆ ಜಾಗದಲ್ಲಿ ಅರ್ಧರ್ಧ ಗಂಟೆಗೆ ಕಾರು ಬದಲಾದರೆ 18 ಗಿರಾಕಿಗಳಿಗೆ ಅದು ಒದಗುತ್ತದೆ. ಬೆಳಿಗ್ಗೆ ಬಂದ ಒಂದೇ ಕಾರು ಸಂಜೆಯವರೆಗೆ ನಿಂತರೆ ಒಬ್ಬನಿಗೆ. ಆ ಒಬ್ಬನು ಅನೇಕ ವೇಳೆ ಪಕ್ಕದ ಅಂಗಡಿಯ ಮಾಲೀಕನೇ ಆಗಿರುತ್ತಾನೆ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು, ಆದರೆ ಯಾವ ಊರಿನ ಪೇಟೆಯಲ್ಲಿಯೂ ಬೆಳಿಗ್ಗೆ 10ಕ್ಕೆ ನಿಂತ ವಾಹನಗಳ ಸಂಖ್ಯೆಯನ್ನು ಬರೆದುಕೊಂಡು ಮಧ್ಯಾಹ್ನ 3ಕ್ಕೆ ಮತ್ತೆ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಸರಕು ಇಳಿಸುವ ಕೆಲಸದ ತೊಡಕು ಇದಕ್ಕಿಂತ ದೊಡ್ಡದು, ವಿನ್ಯಾಸಕಾರರು ಹೆಚ್ಚಾಗಿ ಮರೆಯುವುದೂ ಅದನ್ನೇ. ಮೂಟೆ ಇಳಿಸುವ ಲಾರಿಗೆ ಜಾಗ ಗುರುತಿಸದಿದ್ದರೆ ಅದು ನಡುರಸ್ತೆಯಲ್ಲಿಯೇ ನಿಲ್ಲುತ್ತದೆ, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಘಟ್ಟದ ಲಾರಿ. ಪ್ರತಿ ನೂರು ನೂರೈವತ್ತು ಮೀಟರಿಗೊಂದು ಇಳಿಸುವ ತಾಣವಿದ್ದು, ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಮತ್ತು ರಾತ್ರಿ ಮುಚ್ಚಿದ ಮೇಲೆ ಭಾರಿ ಸರಕಿಗೆ ವೇಳೆ ಗೊತ್ತುಪಡಿಸಿದರೆ, ಉಳಿದ ಹೊತ್ತು ಅದೇ ತಾಣ ಅಲ್ಪಾವಧಿ ನಿಲುಗಡೆಗೆ ಒದಗುತ್ತದೆ. ಈ ವೇಳಾಪಟ್ಟಿಯನ್ನು ಅಧಿಕಾರಿಗಳು ತಾವಾಗಿ ಬರೆಯಲಾರರು. ಯಾವ ಗೋದಾಮಿಗೆ ಎಷ್ಟು ಹೊತ್ತಿಗೆ ಲಾರಿ ಬರುತ್ತದೆ, ಹಮಾಲರು ಎಷ್ಟು ಗಂಟೆಗೆ ದೊರೆಯುತ್ತಾರೆ, ಕಣ್ಣೂರಿನ ಮೀನಿನ ಗಾಡಿ ಯಾವ ಹೊತ್ತಿಗೆ ಘಟ್ಟವೇರುತ್ತದೆ ಎಂಬುದು ವರ್ತಕರಿಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ.

ಹನ್ನೆರಡು ಮೀಟರಿನ ಬೀದಿ

ಮಾತನ್ನು ಅಳತೆಗೆ ಇಳಿಸಿ ನೋಡಬಹುದು. ಎದುರುಬದುರು ಕಟ್ಟಡಗಳ ನಡುವೆ 12 ಮೀಟರ್ ಇರುವ ಒಂದು ಪೇಟೆಬೀದಿಯನ್ನು ಊಹಿಸೋಣ. ಬಸ್ಸಿಗೆ ಕಾನೂನು ಅನುಮತಿಸುವ ಗರಿಷ್ಠ ಅಗಲ 2.6 ಮೀಟರ್. ನಿಧಾನ ವೇಗದಲ್ಲಿ ಎರಡು ಬಸ್ಸುಗಳು ಎದುರಾಗಿ ಹಾಯಲು ತಲಾ 3.25 ಮೀಟರಿನಂತೆ 6.5 ಮೀಟರ್ ಸಾಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಪಾದಚಾರಿ ಸೌಲಭ್ಯ ಮಾರ್ಗಸೂಚಿಯು ಕಾಲುದಾರಿಯಲ್ಲಿ ಯಾವ ಅಡೆತಡೆಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲವನ್ನೂ, ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದೆಂಬುದನ್ನೂ ಹೇಳುತ್ತದೆ. ಎರಡೂ ಬದಿಗೆ ಸೇರಿ 3.6 ಮೀಟರ್. ಉಳಿಯುವುದು 1.9 ಮೀಟರ್, ಒಂದು ಬದಿಯ ನಿಲುಗಡೆಗೆ ಅಥವಾ ಸರಕು ಇಳಿಸಲು. ಇದನ್ನು ಸ್ವಲ್ಪ ದೂರ ಎಡಕ್ಕೆ, ಮತ್ತೆ ಸ್ವಲ್ಪ ದೂರ ಬಲಕ್ಕೆ ಕೊಟ್ಟರೆ ಎರಡು ಬದಿಯ ಅಂಗಡಿಗಳಿಗೂ ಪಾಲು ಸಿಗುತ್ತದೆ. ಅದರಿಂದ ವಾಹನದ ಹಾದಿಯೂ ಸಣ್ಣಗೆ ಬಳುಕಿ ವೇಗ ತಾನಾಗಿ ಇಳಿಯುತ್ತದೆ. ಮಾರ್ಗಸೂಚಿಯು ವಾಣಿಜ್ಯ ಬೀದಿಗೆ ಇನ್ನೂ ಹೆಚ್ಚಿನ ಕಾಲುದಾರಿಯನ್ನು ಬಯಸುತ್ತದೆ ಎಂಬುದು ನಿಜ. ಹಳೆಯ ಪೇಟೆಯಲ್ಲಿ ಕನಿಷ್ಠವಾದರೂ ದಕ್ಕಿದರೆ ಅದು ಈಗಿರುವುದಕ್ಕಿಂತ ಮೇಲು.

ಇದಕ್ಕೆ ಬದಲಾಗಿ ಕಟ್ಟಡಗಳನ್ನು ಒಡೆದು 12 ಮೀಟರನ್ನೂ ಡಾಂಬರು ಮಾಡಿದರೆ ಏನಾಗುತ್ತದೆ? ರಸ್ತೆ ವಿಸ್ತರಣೆಯ ಮಾತು ಕೊಡಗಿನ ಪೇಟೆಗಳಲ್ಲಿ ಆಗಾಗ ಏಳುವುದರಿಂದ ಇದನ್ನೂ ಎಣಿಸಬೇಕು. ವಯಸ್ಸಾದವರು ಸೆಕೆಂಡಿಗೆ ಸುಮಾರು ಒಂದು ಮೀಟರ್ ನಡೆಯುತ್ತಾರೆ. 12 ಮೀಟರ್ ದಾಟಲು 12 ಸೆಕೆಂಡು. ಅಷ್ಟರಲ್ಲಿ 50 ಕಿ.ಮೀ. ವೇಗದ ವಾಹನ ಸುಮಾರು 167 ಮೀಟರ್ ಬರುತ್ತದೆ. ಅಷ್ಟು ದೂರ ಖಾಲಿ ಕಂಡರೆ ಮಾತ್ರ ಅಜ್ಜಿಯೊಬ್ಬಳು ಧೈರ್ಯದಿಂದ ದಾಟಬಹುದು. ಹಾದಿ 7 ಮೀಟರಿದ್ದು ವೇಗ 30 ಇದ್ದರೆ 58 ಮೀಟರ್ ಖಾಲಿಯಿದ್ದರೆ ಸಾಕು. ಮೊದಲನೆಯ ಬೀದಿಯಲ್ಲಿ ಎದುರು ಬದಿಯ ಅಂಗಡಿ ಆಕೆಗೆ ಬೇರೆ ಊರಿದ್ದಂತೆ. ಎರಡನೆಯದರಲ್ಲಿ ಅದು ಅದೇ ಪೇಟೆಯ ಇನ್ನೊಂದು ಅಂಗಡಿ.

ವೇಗ ಇಳಿಸಲು ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಉಪಾಯವಾದ ಹಂಪ್ ಬಗೆಗೂ ಒಂದು ಮಾತು. ರಸ್ತೆ ಕಾಂಗ್ರೆಸ್ಸಿನ ಹಳೆಯ ಮಾರ್ಗಸೂಚಿಯಂತೆ, 25 ಕಿ.ಮೀ. ವೇಗಕ್ಕೆ ರೂಪಿಸಿದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ರಾತ್ರೋರಾತ್ರಿ ಮಣ್ಣಿನ ಬದುವಿನಂತೆ ಏಳುವ ಕಡಿದಾದ ಗುಡ್ಡೆಗಳು ಬೈಕ್ ಸವಾರನ ಬೆನ್ನನ್ನೂ ಸರಕಿನ ಗಾಜನ್ನೂ ಮುರಿಯುತ್ತವೆಯೇ ಹೊರತು ಲಾರಿಯ ವೇಗವನ್ನು ಬಹಳ ಇಳಿಸುವುದಿಲ್ಲ. ಅದಕ್ಕಿಂತ, ಜನ ನಿಜವಾಗಿಯೂ ದಾಟುವ ಕಡೆಗಳಲ್ಲಿ, ಅಂದರೆ ಬಸ್ ನಿಲ್ದಾಣ, ಶಾಲೆ, ಬ್ಯಾಂಕುಗಳ ಮುಂದೆ, ರಸ್ತೆಯನ್ನು ಕಾಲುದಾರಿಯ ಮಟ್ಟಕ್ಕೆ ಎತ್ತಿ ಮೇಜಿನಂತೆ ಸಮತಟ್ಟಾಗಿಸುವುದು ಲೇಸು. ನಡೆಯುವವನು ಇಳಿಯಬೇಕಾಗಿಲ್ಲ, ವಾಹನವೇ ಏರಬೇಕು. ಕಣ್ಣು ಕಾಣದವರಿಗಾಗಿ ಅದರ ಅಂಚಿನಲ್ಲಿ ಉಬ್ಬುಚುಕ್ಕೆಗಳ ಹಾಸುಬಿಲ್ಲೆಯನ್ನು ಇಡುವುದರಿಂದ ಲಂಡನ್ನಿನ ತಪ್ಪು ಇಲ್ಲಿ ಮರುಕಳಿಸದು.

ಊರಿನ ಆರಂಭದಲ್ಲಿಯೇ ಚಾಲಕನಿಗೆ ಸೂಚನೆ ಬೇಕು. ಪೆರುಂಬಾಡಿ ಕಡೆಯಿಂದ ಬರುವಾಗ ಮನೆಗಳು ದಟ್ಟವಾಗುವಲ್ಲಿ ರಸ್ತೆಯನ್ನು ಸ್ವಲ್ಪ ಕಿರಿದುಗೊಳಿಸಿ, ನೆಲದ ಬಣ್ಣ ಬದಲಾಯಿಸಿ, ಎರಡು ಬದಿಗೂ ಗಿಡ ಅಥವಾ ಕಂಬ ನೆಟ್ಟರೆ ಅದೊಂದು ಬಾಗಿಲಿನಂತೆ ಕೆಲಸ ಮಾಡುತ್ತದೆ. ಮಾಕುಟ್ಟದಲ್ಲಿಯೂ ಇದೇ ಆಗಬೇಕು. ಅಲ್ಲಿ ಲಾರಿಗಳು ತಪಾಸಣೆಗೆ ನಿಲ್ಲುವ ಸಾಲನ್ನು ಬಸ್ ನಿಲ್ಲುವ ಜಾಗದಿಂದ ಬೇರ್ಪಡಿಸಿ, ನಡುವೆ ಬೆಳಕಿರುವ ಒಂದು ದಾಟುವ ಕಡೆಯನ್ನು ಮಾಡುವುದಕ್ಕೆ ಕಾಡಿನ ಒಂದು ಮರವನ್ನೂ ಕಡಿಯಬೇಕಾಗಿಲ್ಲ. ವೃತ್ತಗಳ ವಿಷಯದಲ್ಲಿ ಮಡಿಕೇರಿಯ ಘಟನೆ ನೆನಪಾಗುತ್ತದೆ. 2023ರ ಆಗಸ್ಟ್‌ನಲ್ಲಿ ವಾಹನವೊಂದು ಡಿಕ್ಕಿ ಹೊಡೆದು ಅಲ್ಲಿನ ಜನರಲ್ ತಿಮ್ಮಯ್ಯನವರ ಪ್ರತಿಮೆ ಉರುಳಿತು. ನಡುವೆ ಪ್ರತಿಮೆಯಿದ್ದ ಮಾತ್ರಕ್ಕೆ ವೃತ್ತವು ವೇಗವನ್ನು ಇಳಿಸುವುದಿಲ್ಲ. ಅದನ್ನು ಪ್ರವೇಶಿಸುವ ರಸ್ತೆಗಳ ತಿರುವು ಬಿಗಿಯಾಗಿರಬೇಕು.

ಕಾನೂನಿನ ಬೆಂಬಲ

ಇವೆಲ್ಲ ಬರಿಯ ಸದಾಶಯಗಳಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ 198ಎ ಕಲಮು ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಗೊತ್ತುಪಡಿಸಿದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದಲ್ಲಿ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಡೆತಡೆಯಿಲ್ಲದ ಕಾಲುದಾರಿಯನ್ನು ಸಂವಿಧಾನದ 21ನೆಯ ವಿಧಿಯಡಿಯ ಹಕ್ಕೆಂದು ಪರಿಗಣಿಸಿ ರಾಜ್ಯಗಳಿಗೆ ನಿರ್ದೇಶನ ನೀಡಿತು. ಆದುದರಿಂದ ಅಂಗಡಿಯ ಮುಂದಿನ ಕಾಲುದಾರಿಗೆ ಚಾಚಿದ ಕಟ್ಟೆ, ಶೀಟು, ಸರಕಿನ ರಾಶಿಗಳ ಪ್ರಶ್ನೆ ಇಂದಲ್ಲ ನಾಳೆ ಏಳಲಿದೆ. ತೆರವು ಕಾರ್ಯಾಚರಣೆಯ ಜೆಸಿಬಿ ಬರುವ ಮುನ್ನ ವರ್ತಕರೇ ಗೆರೆ ಎಳೆದುಕೊಳ್ಳುವುದು ಅಗ್ಗ.

ಬೀದಿಬದಿ ವ್ಯಾಪಾರಿಗಳನ್ನು ಓಡಿಸಿದರೆ ಕಾಲುದಾರಿ ತೆರವಾಗುತ್ತದೆಂಬ ವಾದವೂ ಕೇಳಿಬರುತ್ತದೆ. 2014ರ ಕಾಯಿದೆಯು ಅವರಿಗೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದ ಸ್ಥಾನ ನೀಡಿದೆ. ಅವರಿಗೂ ಇದೇ 12 ಮೀಟರಿನಲ್ಲಿ ಜಾಗ ಗುರುತಿಸಬೇಕಾಗುತ್ತದೆ. ಆ 1.9 ಮೀಟರಿನ ಪಟ್ಟಿಯಲ್ಲಿ ಒಂದೆರಡು ತಾಣ ಅವರಿಗೆ ಹೋಗುವುದು ಅನಿವಾರ್ಯ. ಸೊಪ್ಪು ಕೊಳ್ಳಲು ನಿಂತವನು ಪಕ್ಕದ ಅಂಗಡಿಗೂ ಬರುತ್ತಾನೆಂಬುದು ಹಳೆಯ ವರ್ತಕರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಪಂಚಾಂಗ ನೋಡಿ ಕೆಲಸ

ಉಳಿದಿರುವ ದೊಡ್ಡ ಪ್ರಶ್ನೆ ಕಾಮಗಾರಿಯ ಸಮಯ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಅಗೆಯುವಂತಿಲ್ಲ. ಆ ತಿಂಗಳುಗಳಲ್ಲಿ ಭಾರಿ ವಾಹನಗಳ ಮೇಲೆ ಜಿಲ್ಲಾಡಳಿತ ನಿರ್ಬಂಧ ಹೇರುವುದೂ ಹಲವು ವರ್ಷಗಳಲ್ಲಿ ನಡೆದಿದೆ. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕೊಯ್ಲು. ತೋಟಗಳಲ್ಲಿ ಕೂಲಿಯ ಹಣ ಓಡಾಡುವ ಈ ಕಾಲವೇ ಪೇಟೆಗೆ ವರ್ಷದ ಹಂಗಾಮು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮದುವೆಗಳೂ ಪ್ರವಾಸಿಗರೂ ಬರುತ್ತಾರೆ. ಅಂತೂ ಅಗೆಯಲು ಒಳ್ಳೆಯ ತಿಂಗಳೆಂಬುದೇ ಇಲ್ಲ, ಕಡಿಮೆ ಕೆಟ್ಟ ತಿಂಗಳುಗಳಿವೆ. ಕೊಯ್ಲು ಮುಗಿಯುವ ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಹತ್ತು ವಾರ ದೊರೆಯುತ್ತದೆ. ಆ ಹತ್ತು ವಾರದಲ್ಲಿ ಇಡೀ ಬೀದಿಯನ್ನು ಒಮ್ಮೆಗೇ ಬಗೆಯದೆ, ಐವತ್ತು ಅರುವತ್ತು ಮೀಟರಿನ ತುಂಡುಗಳಾಗಿ, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿಯನ್ನು ಕೈಗೆತ್ತಿಕೊಳ್ಳುವ ಷರತ್ತನ್ನು ಟೆಂಡರಿನಲ್ಲಿಯೇ ಬರೆಸಬೇಕು. ಚರಂಡಿಯ ಹರಿವನ್ನು ಮೊದಲ ಮಳೆಗೆ ಮುನ್ನ ಟ್ಯಾಂಕರಿನಿಂದ ನೀರು ಬಿಟ್ಟು ಪರೀಕ್ಷಿಸಬೇಕು. ಇದಕ್ಕಾಗಿ ನಕ್ಷೆಗಳು ಹಿಂದಿನ ಸೆಪ್ಟೆಂಬರಿಗೆ ಸಿದ್ಧವಿರಬೇಕಾಗುತ್ತದೆ. ಅದಕ್ಕೂ ಮೊದಲು ಮಳೆಗಾಲದ ಬಿಡುವಿನಲ್ಲಿ ಗಿರಾಕಿಗಳ ಎಣಿಕೆ, ಲಾರಿಗಳ ವೇಳಾಪಟ್ಟಿ, ಯಾವ ಅಂಗಡಿಯ ಮುಂದೆ ಎಷ್ಟು ಅಗಲ ಎಂಬ ಅಳತೆಗಳು ವರ್ತಕರ ಕೈಯಲ್ಲಿ ಇರಬೇಕಾಗುತ್ತದೆ.